ಗೂಡಿನ ಲೋಟ

ಬೇಲೂರಿಗೆ ಬಂದವರೆಲ್ಲ ಕಲ್ಲು ನೋಡಿಕೊಂಡು ಹೋಗುವವರೇ. ಬಸ್ಸಿಳಿದರು, ಚಪ್ಪಲಿ ಬಿಟ್ಟರು, ಗೈಡು ಬೆರಳು ತೋರಿಸಿದ ಕಡೆ ಕತ್ತೆತ್ತಿದರು, ಊಟದ ಹೊತ್ತಿಗೆ ಹಳೇಬೀಡಿನ ದಾರಿ ಹಿಡಿದರು. ಇನೇಸ್ ಅನ್ನುವ ಹೆಂಗಸು ಮಾತ್ರ ಹಾಗಲ್ಲ. ಒಂದು ದಿನ ದೇವಸ್ಥಾನ ನೋಡಿದಳು, ಮಾರನೇ ದಿನದಿಂದ ಬೀದಿ ನೋಡುತ್ತ ಕೂತಳು.

ಅವಳದ್ದು ಉರುಗ್ವೆ ಅಂತ ಒಂದು ದೇಶವಂತೆ. ಆ ಬೀದಿಯ ಕೋಮಲವಲ್ಲಿಯ ಸೊಸೆ ಪ್ರಿಯಂವದಾ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಮ್ಮು. ಅವಳೇ ಮೊಬೈಲಿನಲ್ಲಿ ಭೂಮಿಯ ಚೆಂಡನ್ನು ತಿರುಗಿಸಿ, ಇನ್ನೂ ತಿರುಗಿಸಿ, ಆ ಬದಿಯಲ್ಲಿ ಒಂದು ಚೂರು ತೋರಿಸಿದಳು. "ನಾವಿಲ್ಲಿ ಎದ್ದು ಬಾಗಿಲಿಗೆ ನೀರು ಹಾಕೋ ಹೊತ್ತಿಗೆ ಅವರಲ್ಲಿ ಮಲಗೋಕೆ ಹೋಗ್ತಾರೆ ಅತ್ತೆ" ಅಂದಳು. ಬಸ್ ಸ್ಟ್ಯಾಂಡಿನ ಹತ್ತಿರ ಶಿವಪ್ರಕಾಶನ ಪಾತ್ರೆ ಅಂಗಡಿಯ ಮಾಳಿಗೆ ಮೇಲೆ ಒಂದು ಕೋಣೆ ಹಿಡಿದಿದ್ದಳು ಇನೇಸ್. ಬೆಳಗಾದರೆ ದೇವಸ್ಥಾನದ ಪಕ್ಕದ ಬೀದಿಗೆ ಬಂದು, ಕೋಮಲವಲ್ಲಿಯ ಮನೆಯ ಜಗಲಿ ತುದಿಯಲ್ಲಿ ಕೂರುವಳು. ಹಾಲಿನ ಪ್ಯಾಕೆಟ್ಟು ಹಂಚುವವನು, ಸ್ಕೂಲ್ ವ್ಯಾನಿಗೆ ಓಡುವ ಮಕ್ಕಳು, ಹೂವಿನವಳ ಮೊಳದ ಜಗಳ, ಎಳನೀರು ಗಾಡಿ, ಬಿಕ್ಕೋಡಿನ ಕಡೆ ಎಸ್ಟೇಟಿಗೆ ಆಳು ತುಂಬಿಕೊಂಡು ಹೋಗುವ ಜೀಪು, ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡುವಳು. ಫೋಟೋ ತೆಗೆಯುವುದಿಲ್ಲ. ನೋಡುವುದು, ನೋಡಿದಂತೆ ಮಾಡಿ ನೋಡುವುದು, ಅಷ್ಟೇ. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಬಲಗೈಯಲ್ಲೇ ಈಸಿಕೊಳ್ಳಬೇಕು ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಆ ಮನೆಗೆ ಕಸ ಮುಸುರೆಗೆ ಬರುವವಳು ಮುದ್ದಮ್ಮ. ಊರಾಚೆ ಹಳ್ಳಿಯವಳು, ಒಂದಿಷ್ಟು ರಾಗಿ ಹೊಲ ಇರುವವಳು, ಮಾತಿನಲ್ಲಿ ಹಿಂದೆ ಬಿದ್ದವಳಲ್ಲ. ಪೊರಕೆ ಊರಿಕೊಂಡು ಅಂದಳು:

"ಎಲ್ರೂ ಕಲ್ಲಿನ ಹೆಂಗಸ್ರನ್ನ ನೋಡಾಕೆ ಬತ್ತಾರೆ. ಈವಮ್ಮ ನಮ್ಮನ್ನ ನೋಡಾಕೆ ಬಂದವ್ಳೆ. ನಾನೂ ಪೊರಕೆ ಹಿಡ್ಕಂಡು ಸೊಂಟ ಡೊಂಕು ಮಾಡಿ ನಿಂತ್ಕಳ್ಲಾ ಅಮ್ಮಾರೆ?"

"ನಿಂತ್ಕೋ. ಗೈಡು ಬಂದು ನಿಂಗೂ ಒಂದು ಹೆಸರಿಡ್ತಾನೆ" ಅಂದಳು ಕೋಮಲವಲ್ಲಿ.

ಇನೇಸಳ ಹತ್ತಿರ ಒಂದು ವಿಚಿತ್ರ ಇತ್ತು. ಸೋರೆ ಬುರುಡೆಯಂಥ ಪುಟ್ಟ ಬಟ್ಟಲು, ಅದರ ತುಂಬ ಹಸಿರು ಸೊಪ್ಪಿನ ಪುಡಿ. ಫ್ಲಾಸ್ಕಿನಿಂದ ಬಿಸಿನೀರು ಹೊಯ್ದು, ಒಂದು ಲೋಹದ ಕೊಳವೆ ಸಿಕ್ಕಿಸಿ ಹೀರುವಳು. ಹೀರಿಕೊಳ್ಳಲಿ ಬಿಡಿ. ಒಂದು ದಿನ ದೇವಸ್ಥಾನಕ್ಕೆ ಬಂದಿದ್ದ ಬೇರೆ ಯಾರೋ ವಿದೇಶದ ಗಂಡಹೆಂಡತಿ ಅವಳ ಪಕ್ಕ ಕೂತರು. ಇವಳು ಹೀರಿದ ಕೊಳವೆಯನ್ನೇ ಅವನು ಬಾಯಿಗಿಟ್ಟ, ಅವನು ಕೊಟ್ಟಿದ್ದನ್ನು ಅವನ ಹೆಂಡತಿ ಇಟ್ಟಳು, ಮತ್ತೆ ಇವಳು. ಒರೆಸಲೂ ಇಲ್ಲ. ಕಿಟಕಿಯಲ್ಲಿ ನಿಂತಿದ್ದ ಕೋಮಲವಲ್ಲಿ ಮುಖ ತಿರುಗಿಸಿಕೊಂಡಳು. ಎಂಜಲು ಅನ್ನುವ ಮಾತೇ ಇಲ್ಲದ ದೇಶವೂ ಒಂದಿರುತ್ತದೆ ಅಂತ ಅವಳು ಅಂದುಕೊಂಡಿರಲಿಲ್ಲ. ಮುದ್ದಮ್ಮನಿಗೂ ಕೊಟ್ಟಳು ಇನೇಸ್. ಮುದ್ದಮ್ಮ ಸೆರಗಿನಲ್ಲಿ ಕೊಳವೆ ಒರೆಸಿ ಒಂದು ಗುಟುಕು ಎಳೆದು, "ಥೂ, ಬೇವಿನ ಕಷಾಯ" ಅಂದಳು. ಇಬ್ಬರೂ ನಕ್ಕರು. ಕೋಮಲವಲ್ಲಿಯ ಕಡೆ ಚಾಚಿದಾಗ ಅವಳು ಕೈ ಮುಗಿದು ಒಳಗೆ ಹೋದಳು.

ಆದರೂ ಜಗಲಿಯಲ್ಲಿ ಒಂದು ಜೀವ ಕೂತಿರುವಾಗ ಒಳಗೆ ಕಾಫಿ ಪರಿಮಳ ಏಳಿಸಿ ತಾವೇ ಕುಡಿಯುವುದು ಹೇಗೆ? ಒಂದು ಬೆಳಗ್ಗೆ ಡಿಕಾಕ್ಷನ್ನು ಇಳಿಸಿ, ಕಪಾಟಿನ ಲೋಟಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಪೇಪರಿನ ಹಿಂದಿನಿಂದ ಯಜಮಾನರು ನೋಡದೆಯೇ ಕಂಡುಕೊಂಡರು. ಯೋಗನರಸಿಂಹ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತಿಯಾದವರು. ಎತ್ತರದ ದನಿ ಅವರದಲ್ಲ, ಬೇಕಾಗಿಯೂ ಇರಲಿಲ್ಲ.

"ಆ ಅಂಚು ನೆಗ್ಗಿದ್ದು ಒಂದಿದೆಯಲ್ಲ. ಗೂಡಿನಲ್ಲಿ ಮುದ್ದಮ್ಮನ ಲೋಟದ ಪಕ್ಕ ಇಟ್ಟರಾಯ್ತು."

ಮನೆ ಪಕ್ಕದ ಓಣಿಯಲ್ಲಿ, ನಲ್ಲಿಯ ಮೇಲೆ, ಗೋಡೆಯಲ್ಲಿ ಒಂದು ಗೂಡು. ಮುದ್ದಮ್ಮನ ಲೋಟದ ಜಾಗ ಅದು. ಕೆಲಸ ಮುಗಿಸಿ ಅವಳು ಲೋಟ ಹಿಡಿದರೆ ಕೋಮಲವಲ್ಲಿ ಎತ್ತರದಿಂದ ಕಾಫಿ ಹೊಯ್ಯುವಳು. ಕುಡಿದು, ನಲ್ಲಿಯಲ್ಲಿ ತೊಳೆದು, ಮುದ್ದಮ್ಮ ಅದನ್ನು ಗೂಡಿನಲ್ಲಿ ಬೋರಲು ಹಾಕಿ ಹೋಗುವಳು. ವರ್ಷ ಎಷ್ಟಾಯಿತೋ, ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ.

ಇನೇಸಳಿಗೆ ನೆಗ್ಗಿದ ಲೋಟದಲ್ಲಿ ಕಾಫಿ ಬಂತು. ಅವಳು ಎರಡೂ ಕೈಯಲ್ಲಿ ಹಿಡಿದು, ತುಟಿ ತಾಗಿಸದೆ ಎತ್ತಿ ಕುಡಿಯಲು ಹೋಗಿ, ಕತ್ತಿನ ಮೇಲೆ ಒಂದಿಷ್ಟು ಚೆಲ್ಲಿಕೊಂಡು ನಕ್ಕಳು. ಆಮೇಲೆ ಎದ್ದು ಓಣಿಗೆ ಹೋದಳು, ನಲ್ಲಿ ತಿರುಗಿಸಿದಳು, ಲೋಟ ತೊಳೆದಳು, ಮುದ್ದಮ್ಮನ ಲೋಟದ ಪಕ್ಕ ಬೋರಲು ಹಾಕಿದಳು. ದಿನವೂ ನೋಡುತ್ತಿದ್ದಳಲ್ಲ, ಕಲಿತುಕೊಂಡಿದ್ದಳು. ಕೋಮಲವಲ್ಲಿಗೆ ತಲೆಯ ಮೇಲಿನ ಹೊರೆ ಇಳಿಸಿದ ಹಾಗಾಯಿತು. ಹೇಳಿಕೊಡುವ ಕಷ್ಟ ತಪ್ಪಿತು, ಎಂಥ ತಿಳುವಳಿಕಸ್ಥೆ ಅಂದುಕೊಂಡಳು. ಆ ಹಗುರವನ್ನು ನೆನೆಸಿಕೊಂಡೇ ಆಮೇಲೆ ಅವಳು ಬಹಳ ನೊಂದಳು.

"ನನ್ ಗೂಡಿಗೆ ಪಾಲುದಾರ್ತಿ ಬಂದ್ಲು" ಅಂದಳು ಮುದ್ದಮ್ಮ.

ಹೀಗೆ ನಡೆದಿರುವಾಗ ಕೋಮಲವಲ್ಲಿ ಅರಸೀಕೆರೆಗೆ ತಂಗಿಯ ಮನೆಗೆ ಹೊರಟಳು. ಇನೇಸ್ ಬೆರಳಿನಲ್ಲಿ ತನ್ನನ್ನು ತೋರಿಸಿಕೊಂಡಳು, ನಾನೂ ಬರಲೇ ಅನ್ನುವಂತೆ. ಆಗಲಿ ಬಾ ಅಂದಳು ಕೋಮಲವಲ್ಲಿ.

ಆ ಪ್ರಯಾಣವೇ ಒಂದು ಚೆಂದ. ಬಸ್ಸು ಬಂದು ನಿಲ್ಲುವ ಮುಂಚೆಯೇ ಇನೇಸ್ ಕಿಟಕಿಯೊಳಗೆ ತನ್ನ ದುಪಟ್ಟಾ ಎಸೆದು ಸೀಟು ಹಿಡಿದಳು. ಹಳೇಬೀಡಿನಲ್ಲಿ ಒಬ್ಬ ಹೆಂಗಸು ಹತ್ತುವ ನೂಕಲಿನಲ್ಲಿ ಕೈಕೂಸನ್ನು ಕಿಟಕಿಯಿಂದಲೇ ಇವರ ಮಡಿಲಿಗೆ ದಾಟಿಸಿದಳು. ಇನೇಸ್ ಆ ಮಗುವನ್ನು ಜಾವಗಲ್ಲಿನವರೆಗೂ ಹಿಡಿದು ಕೂತಳು, ಉಸಿರಾಡಲೂ ಹೆದರಿಕೊಂಡು. ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಇಳಿದಾಗ ಕೋಮಲವಲ್ಲಿಯೇ ಹೊಸ ಊರಿಗೆ ಬಂದವಳ ಹಾಗೆ ನಿಂತುಬಿಟ್ಟಳು. ಕೊಬ್ಬರಿ ಚೀಲ ಹೊತ್ತು ಬಗ್ಗಿದವರು, "ಹಾರನಹಳ್ಳಿ, ಹಾರನಹಳ್ಳಿ" ಅಂತ ಟೆಂಪೋದ ಪಕ್ಕ ತಟ್ಟುವವನು, ರೈಲಿನ ಕೂಗು ಕೇಳಿ ಬಜ್ಜಿಯ ಎಣ್ಣೆಗೆ ಉರಿ ಏರಿಸುವವಳು. ಕೋಮಲವಲ್ಲಿಯ ತವರೇ ಹಾರನಹಳ್ಳಿ. ಹುಟ್ಟಿದಂದಿನಿಂದ ಓಡಾಡಿದ ಬೀದಿ. ಆದರೂ ಪಕ್ಕದಲ್ಲಿ ಹೊಸ ಕಣ್ಣೊಂದು ಇದ್ದರೆ ಹಳೆಯ ಬೀದಿಯೂ ತೊಳೆದಿಟ್ಟ ಹಾಗೆ ಕಾಣುತ್ತದೆ.

ತಂಗಿ ಬಾಗಿಲಲ್ಲೇ ಕೇಳಿದಳು, "ಅಕ್ಕ, ಇವಳಿಗೆ ಯಾವುದರಲ್ಲಿ ಕೊಡ್ಲೇ?"

"ಯಾವುದರಲ್ಲಾದರೂ ಕೊಡು" ಅಂದಳು ಕೋಮಲವಲ್ಲಿ, ಮೆತ್ತಗೆ.

ತಂಗಿ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ಕಿನ ಕಪ್ಪು ಹುಡುಕಿ ತಂದಳು. ಇನೇಸ್ ಕುಡಿದು ಮುಗಿಸಿ ಕಪ್ಪು ಹಿಡಿದುಕೊಂಡೇ ಎದ್ದಳು. ಅಂಗಳ ನೋಡಿದಳು, ಬಚ್ಚಲ ಕಡೆ ನೋಡಿದಳು, ಮನೆಯ ಪಕ್ಕಕ್ಕೆ ಹೋಗಿ ಗೋಡೆ ನೋಡಿದಳು. ಏನು ಹುಡುಕುತ್ತಿದ್ದಾಳೆ ಅಂತ ಕೋಮಲವಲ್ಲಿಗೆ ತಿಳಿಯಿತು. ಗೂಡು ಹುಡುಕುತ್ತಿದ್ದಳು. ಎಲ್ಲೂ ಕಾಣದೆ, ಪೈಪಿನ ನೀರಿನಲ್ಲಿ ತೊಳೆದು, ಚಪ್ಪಲಿ ಬಿಡುವ ಕಲ್ಲಿನ ಪಕ್ಕ ಅದನ್ನು ಬೋರಲು ಹಾಕಿ, ಸರಿಯಾಯಿತೇ ಅನ್ನುವಂತೆ ತಿರುಗಿ ನೋಡಿದಳು.

ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಎಷ್ಟು ಚೆನ್ನಾಗಿ ಪಳಗಿಸಿದೀಯೇ. ನಮ್ಮ ಕೆಲಸದವಳಿಗೂ ಸ್ವಲ್ಪ ಕಲಿಸಿಕೊಡು ಬಾ."

ಕೋಮಲವಲ್ಲಿಗೆ ನಗು ಬರಲಿಲ್ಲ. ಚಪ್ಪಲಿಗಳ ಪಕ್ಕ ಬೋರಲು ಬಿದ್ದ ಕಪ್ಪನ್ನು ನೋಡಲಾರದೆ ಎದುರು ಮನೆಯ ತೆಂಗಿನ ಮರ ನೋಡಿದಳು. ಪಳಗಿಸುವುದಂತೆ, ದನಕರು ಪಳಗಿಸುವ ಹಾಗೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಇನೇಸ್ ನಿದ್ದೆ ಹೋಗಿದ್ದಳು. ಕೋಮಲವಲ್ಲಿಗೆ ಮಾತ್ರ ಹಳೆಯದೆಲ್ಲ ಎದ್ದು ಬಂತು. ಮದುವೆಯಾಗಿ ಬೇಲೂರಿಗೆ ಬಂದ ಹೊಸತು. ತಿಂಗಳಿಗೊಮ್ಮೆ ಹೊರಗೆ ಕೂರುವ ದಿನಗಳಲ್ಲಿ ಅದೇ ಓಣಿಯಲ್ಲೇ ಅವಳಿಗೆ ಚಾಪೆ. ಅದೇ ಗೂಡಿನಲ್ಲೇ ಅವಳ ತಟ್ಟೆ, ಅವಳ ಲೋಟ. ಅತ್ತೆ ಎತ್ತರದಿಂದ ಹೊಯ್ದ ಕಾಫಿ ಕೈಮೇಲೆ ಸಿಡಿದರೂ ಸುಮ್ಮನೆ ಹಿಡಿದಿರಬೇಕು. ಮೊದಲ ಸಲ ಲೋಟ ತೊಳೆದು ಬೋರಲು ಹಾಕುವಾಗ ಅವಳು ಅತ್ತಿದ್ದಳು, ನಲ್ಲಿ ಬಿಟ್ಟುಕೊಂಡು, ಸದ್ದು ಒಳಗೆ ಕೇಳದ ಹಾಗೆ. ಅತ್ತೆ ಹೋದ ಮೇಲೆ ಆ ಪದ್ಧತಿಯೂ ಹೋಯಿತು. ಗೂಡು ಖಾಲಿಯಾಯಿತು. ಖಾಲಿಯಾದ ಗೂಡಿನಲ್ಲಿ ಮುದ್ದಮ್ಮನ ಲೋಟ ತಂದು ಇಟ್ಟವರು ಯಾರು? ಯಜಮಾನರಲ್ಲ. ಅವಳೇ.

ನಾಳೆಯಿಂದ ಒಳಗಿನ ಲೋಟದಲ್ಲೇ ಕೊಡುತ್ತೇನೆ, ಇಬ್ಬರಿಗೂ, ಅಂದುಕೊಂಡು ಬಸ್ಸಿಳಿದಳು. ಬೆಳಗಾಯಿತು. ಯಜಮಾನರು ಪೇಪರು ಹಿಡಿದು ಅಲ್ಲೇ ಕೂತಿದ್ದರು. ಕೋಮಲವಲ್ಲಿಯ ಕೈ ಕಪಾಟಿನವರೆಗೆ ಹೋಗಿ ತಿರುಗಿತು. ಇವತ್ತು ಬೇಡ, ಏಕಾದಶಿ ಕಳೆಯಲಿ ಅಂದಿತು ಮನಸ್ಸು. ಏಕಾದಶಿ ಕಳೆದ ಮೇಲೆ ಇನ್ನೇನೋ ಬಂತು. ಮನಸ್ಸಿಗೆ ನೆಪ ಹುಡುಕಿ ಕೊಡುವವರು ಬೇರೆ ಯಾರೂ ಬೇಕಿಲ್ಲ.

ಅಷ್ಟರಲ್ಲಿ ಇನೇಸ್ ಹೊರಡುವ ದಿನ ಬಂತು. ಹಿಂದಿನ ಸಂಜೆ ಎಲ್ಲರನ್ನೂ ಕಾಫಿಗೆ ಕರೆದಳು. ಬಿಕ್ಕೋಡಿನಿಂದ ತಾನೇ ಬೀಜ ತಂದು ಹುರಿಸಿದ್ದಳಂತೆ. "ಬನ್ನಿ, ಬನ್ನಿ" ಅನ್ನಲು ಕಲಿತಿದ್ದಳು. ಯಜಮಾನರು ಮಂಡಿನೋವು ಅಂದರು. ಕೋಮಲವಲ್ಲಿ, ಪ್ರಿಯಂವದಾ, ಮುದ್ದಮ್ಮ ಹೋದರು. ಶಿವಪ್ರಕಾಶನ ಹೆಂಡತಿ ದ್ರಾಕ್ಷಾಯಣಿ ಅಂಗಡಿ ಗಂಡನಿಗೆ ಬಿಟ್ಟು ಮೇಲೆ ಬಂದಿದ್ದಳು. ಹೊರಗಿನ ಊಟತಿಂಡಿ ಮುಟ್ಟದ ಕೋಮಲವಲ್ಲಿ ಅವತ್ತು ಕುಡಿಯಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಮೆಟ್ಟಿಲು ಹತ್ತಿದ್ದಳು.

ಕೋಣೆಯೊಳಗೆ ಚಾಪೆ ಹಾಸಿತ್ತು. ಪ್ರಿಯಂವದಾಗೂ ದ್ರಾಕ್ಷಾಯಣಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ ಬಂತು. ಆಮೇಲೆ ಇನೇಸ್ ಕೋಮಲವಲ್ಲಿಯ ಒಂದು ಕೈ, ಮುದ್ದಮ್ಮನ ಒಂದು ಕೈ ಹಿಡಿದು ಎಬ್ಬಿಸಿ ಬಾಲ್ಕನಿಗೆ ಕರೆದುಕೊಂಡು ಹೋದಳು. ಅಲ್ಲಿ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಒಂದು ಬಿಳಿ ಬಟ್ಟೆ. ಬಟ್ಟೆಯ ಮೇಲೆ ಎರಡು ಹೊಸ ಸ್ಟೀಲಿನ ಲೋಟ, ಬೋರಲು ಹಾಕಿದ್ದು. ಮದುವೆ ಪಾತ್ರೆಗೆ ಕೊರೆಯುವ ಹಾಗೆ ಎರಡರ ಮೇಲೂ ಹೆಸರು ಕೊರೆಸಿತ್ತು. ಒಂದರ ಮೇಲೆ ಮುದ್ದಮ್ಮ. ಇನ್ನೊಂದರ ಮೇಲೆ ಕೋಮಲವಲ್ಲಿ.

ಇನೇಸ್ ಮಾತಾಡತೊಡಗಿದಳು. ಪ್ರಿಯಂವದಾ ಬಾಗಿಲಲ್ಲಿ ನಿಂತು ಒಂದೊಂದೇ ಕನ್ನಡಕ್ಕೆ ತಂದಳು. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

"ನಮ್ಮ ದೇಶದಲ್ಲಿ ಎಷ್ಟು ಬಾಯಿದ್ದರೂ ಒಂದೇ ಬಟ್ಟಲು. ಅದೇ ನಮ್ಮ ಸ್ನೇಹ. ನಿಮ್ಮಲ್ಲಿ ಹಾಗಲ್ಲ ಅಂತ ದಿನಾ ಕೂತು ನೋಡಿ ತಿಳ್ಕೊಂಡೆ ಅಂತಾಳೆ. ನೆಂಟರು ಬಂದ್ರೆ ಕಪಾಟಿನಿಂದ ಯಾವುದೋ ಒಂದು ಲೋಟ ಕೊಡ್ತೀರಿ. ದಿನಾ ಬರೋ ಹತ್ತಿರದವರಿಗೆ ಮಾತ್ರ ಅವರದೇ ಒಂದು ಲೋಟ, ಅದಕ್ಕೇ ಒಂದು ಜಾಗ. ಮನೆಯವರು ಕೂಡ ಅದನ್ನ ಮುಟ್ಟಲ್ಲ, ಅಷ್ಟು ಜೋಪಾನ ಮಾಡ್ತೀರಿ. ಮುದ್ದಮ್ಮನಿಗೆ ವರ್ಷಗಟ್ಟಲೆಯಿಂದ ಇಟ್ಟಿದ್ದೀರಿ. ನನಗೆ ಮೊದಲ ದಿನವೇ ಕೊಟ್ರಿ. ಅಮ್ಮನಿಗೆ ಫೋನ್ ಮಾಡಿ ಹೇಳ್ದೆ, ಅವಳು ಅತ್ತಳು ಅಂತಾಳೆ. ಅದಕ್ಕೇ ನಿಮ್ಮ ಪದ್ಧತಿಯಲ್ಲೇ..."

ಪ್ರಿಯಂವದಾ ಅಲ್ಲಿಗೆ ನಿಲ್ಲಿಸಿದಳು. ದ್ರಾಕ್ಷಾಯಣಿಯ ಮೂಗಿನಿಂದ ಒಂದು ಸಣ್ಣ ನಗೆ ಹೊರಟಿತು.

"ಕುಡೀರಿ ಕೋಮಲಮ್ಮೋರೆ. ಹೆಸರು ಕೊರೆಸ್ಕೊಡಿ ಅಂತ ನನ್ ಹತ್ರಾನೇ ಬಂದಿದ್ಲು, ಯಾತಕ್ಕೆ ಅಂತ ಈಗ ಗೊತ್ತಾಯ್ತು. ನಮ್ಮನ್ನ ಕಪ್ಪಲ್ಲೇ ಮುಗಿಸಿದ್ಲು. ನಿಮ್ದು ದೊಡ್ಡ ಮರ್ಯಾದೆ."

ಇನೇಸ್ ಎತ್ತರದಿಂದ ಕಾಫಿ ಹೊಯ್ದಳು, ಕೋಮಲವಲ್ಲಿ ಹೊಯ್ಯುವ ಹಾಗೇ, ಲೋಟಕ್ಕೆ ಪಾತ್ರೆ ತಾಗದ ಹಾಗೆ. ಒಂದು ಹನಿ ಕೈಮೇಲೆ ಸಿಡಿಯಿತು. ಪಕ್ಕದಲ್ಲಿ ಮುದ್ದಮ್ಮ ತನ್ನ ಲೋಟದ ಮೇಲಿನ ಅಕ್ಷರ ಸವರಿ, "ಇದು ನನ್ನೆಸ್ರಾ?" ಅಂತ ಪ್ರಿಯಂವದಾಳನ್ನು ಕೇಳಿದಳು. ಅವಳ ಮುಖ ಬೆಳಗಿತ್ತು. ಕೋಮಲವಲ್ಲಿ ಕುಡಿದಳು. ಚೆನ್ನಾಗಿತ್ತು ಕಾಫಿ, ಹದವಾಗಿ ಹುರಿದ ಬೀಜ. ಕುಡಿದು ಮುಗಿದ ಮೇಲೆ ಇನೇಸ್ ನಗುತ್ತ ನಲ್ಲಿ ತೋರಿಸಿದಳು. ಮುದ್ದಮ್ಮ ತೊಳೆದಳು. ಕೋಮಲವಲ್ಲಿಯೂ ಬಗ್ಗಿ ತೊಳೆದಳು. ಬೋರಲು ಹಾಕಿದಳು. ಹೊಸ ಸೊಸೆಯಾಗಿದ್ದಾಗ ಹಾಕಿದಂತೆಯೇ ಹಾಕಿತು ಕೈ.

ಅಲ್ಲಿಗೆ ಸುಮ್ಮನೆ ಮನೆಗೆ ಬರಬಹುದಿತ್ತು. ನಾಳೆ ಹೋಗುವ ಹೆಂಗಸು, ಭೂಮಿಯ ಆ ಬದಿಗೆ ಒಳ್ಳೆಯ ಹೆಸರು ಹೊತ್ತುಕೊಂಡು ಹೋಗುತ್ತಿದ್ದಳು. ಕೋಮಲವಲ್ಲಿಗೆ ಆಗಲಿಲ್ಲ.

"ಪ್ರಿಯಂವದಾ, ಅವಳಿಗೆ ಹೇಳಿಬಿಡು."

"ಏನ್ ಹೇಳ್ಲಿ ಅತ್ತೆ?"

"ಅದು ಹತ್ತಿರದವರಿಗೆ ಇಡೋ ಲೋಟ ಅಲ್ಲ, ದೂರದವರಿಗೆ ಇಡೋದು ಅಂತ. ನಮ್ಮ ಪಾತ್ರೆ ಮುಟ್ಟಬಾರದು ಅಂತ ಇಟ್ಟಿದ್ದು ಅಂತ."

"ಬೆಳಿಗ್ಗೆ ಹೋಗ್ತಾಳೆ. ಬಿಡಿ ಅತ್ತೆ." ಪ್ರಿಯಂವದಾ ಮುಖ ತಗ್ಗಿಸಿದಳು. "ನಾನೂ ಇಷ್ಟು ವರ್ಷ ನೋಡ್ಕೊಂಡು ಸುಮ್ನಿದ್ದೆ."

"ಅವಳ ಅಮ್ಮ ಅತ್ತಳಂತೆ ಕಣೇ. ನನಗೆ ಹೊತ್ತುಕೊಳ್ಳೋಕೆ ಆಗಲ್ಲ. ಹೇಳು."

ಪ್ರಿಯಂವದಾ ಹೇಳಿದಳು. ಇಂಗ್ಲಿಷಿನಲ್ಲಿ ಅದು ಬಹಳ ಚಿಕ್ಕದಾಗಿತ್ತು. ಇನೇಸ್‌ಗೆ ಮೊದಲು ತಿಳಿಯಲಿಲ್ಲ, ಇನ್ನೊಮ್ಮೆ ಕೇಳಿದಳು, ಪ್ರಿಯಂವದಾ ಇನ್ನೊಮ್ಮೆ ಹೇಳಿದಳು. ಕೋಮಲವಲ್ಲಿ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಆದರೆ ಇನೇಸ್ ಅವಳ ಕಡೆ ನೋಡಲೇ ಇಲ್ಲ. ಅವಳು ತಿರುಗಿ ನೋಡಿದ್ದು ಮುದ್ದಮ್ಮನನ್ನು. ಅಯ್ಯೋ ಪಾಪ ಅಂತ ನೋಡುವ ನೋಟಕ್ಕೆ ದೇಶಭಾಷೆ ಬೇಕಿಲ್ಲ. ಇನೇಸ್‌ಗೆ ಬರುತ್ತಿದ್ದ ಕನ್ನಡ ನಾಲ್ಕೇ ಮಾತು, ಅದರಲ್ಲಿ ಒಂದನ್ನು ಆರಿಸಿ ಕೇಳಿದಳು:

"ಗೊತ್ತಾ?"

ಮುದ್ದಮ್ಮನ ಮುಖದ ಬೆಳಕು ಆರಿತ್ತು. ಒಳಗೆ ಹೋಗಿ ಚಾಪೆಯ ಮೇಲಿನ ಪಿಂಗಾಣಿ ಕಪ್ಪುಗಳನ್ನು ಬಳಿದುಕೊಂಡು ಬಂದು ತೊಳೆಯತೊಡಗಿದಳು, ಇನೇಸ್ ಬೇಡಬೇಡ ಅಂತ ಕೈ ಹಿಡಿದರೂ ಬಿಡದೆ. ಯಾರೂ ಹೇಳದೆ ತಾನಾಗಿಯೇ ಕೆಲಸದವಳಾದಳು. ದ್ರಾಕ್ಷಾಯಣಿಯೂ ನಗಲಿಲ್ಲ.

ಇಳಿಯುವಾಗ ಕೋಮಲವಲ್ಲಿ ಮೆಟ್ಟಿಲಲ್ಲಿ ನಿಂತು, "ಮುದ್ದಮ್ಮ, ಇಷ್ಟು ದಿನ ನಾನು ಮಾಡಿದ್ದು ತಪ್ಪು. ಅದಕ್ಕೇ ಹೇಳಿಸ್ದೆ" ಅಂದಳು.

"ನಂಗೊತ್ತಿರ್ಲಿಲ್ವಾ ಅಮ್ಮಾರೆ?" ಮುದ್ದಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿದ್ದು. "ನಿಮ್ಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಆವಮ್ಮ ಒಬ್ಳಿಗೆ ಗೊತ್ತಿರ್ಲಿಲ್ಲ. ಆವಮ್ಮನ ಕಣ್ಣಾಗೆ ನಾನು ನಿಮ್ಮನೆ ಬೇಕಾದೋಳಾಗಿದ್ದೆ. ಇನ್ನೊಂದ್ ರಾತ್ರಿ ಇರ್ಲಿಲ್ವಾ ಹಂಗೇ? ನೀವು ಹಗುರಾಗೋಕೆ ನನ್ನ ಇಳಿಸ್ಬೇಕಿತ್ತಾ?"

ನಿಜ ಹೇಳಿದರೆ ಪಾಪ ಕಳೆಯುತ್ತದೆ ಅಂತ ಕೋಮಲವಲ್ಲಿ ತಿಳಿದಿದ್ದಳು. ಆ ನಿಜದ ಬೆಲೆ ಯಾರ ಗಂಟಿನಿಂದ ಹೋಗುತ್ತದೆ ಅಂತ ಯೋಚಿಸಿರಲಿಲ್ಲ. ಮುದ್ದಮ್ಮ ಚಪ್ಪಲಿ ಮೆಟ್ಟಿ ತನ್ನೂರ ಆಟೋ ಹಿಡಿದು ಹೋದಳು. ಹೆಸರಿನ ಲೋಟ ತೆಗೆದುಕೊಂಡು ಹೋದಳೋ ಬಿಟ್ಟು ಹೋದಳೋ ನೋಡುವ ಧೈರ್ಯ ಕೋಮಲವಲ್ಲಿಗೆ ಇರಲಿಲ್ಲ.

ಬೆಳಿಗ್ಗೆ ಇನೇಸ್ ಬೆನ್ನಿಗೆ ಚೀಲ ಹಾಕಿಕೊಂಡು ಬೀದಿಗೆ ಬಂದಳು. ಅವರ ದೇಶದವರು ಹೊರಡುವಾಗ ಅಪ್ಪಿಕೊಳ್ಳುತ್ತಾರೆ ಅಂತ ಪ್ರಿಯಂವದಾ ಹೇಳಿದ್ದರಿಂದ, ಸ್ನಾನ ಮಾಡಿ ಮಡಿಯಲ್ಲಿದ್ದರೂ ಪರವಾಗಿಲ್ಲ ಅಂತ ಕೋಮಲವಲ್ಲಿ ಜಗಲಿಯ ತುದಿಗೇ ಬಂದು ನಿಂತಳು. ಇನೇಸ್ ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಈ ಊರಿನವರಂತೆಯೇ ದೂರದಿಂದ ಕೈ ಮುಗಿದು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಅದನ್ನೂ ಇಲ್ಲೇ ನೋಡಿ ಕಲಿತದ್ದು.

ಮುದ್ದಮ್ಮ ತನ್ನ ಹೊತ್ತಿಗೆ ಬಂದಳು. ಬರುವುದಿಲ್ಲವೇನೋ ಅಂತ ರಾತ್ರಿಯೆಲ್ಲ ಅಂಜಿದ್ದ ಕೋಮಲವಲ್ಲಿಗೆ ಪೊರಕೆಯ ಸದ್ದು ಕೇಳಿ ಜೀವ ಬಂತು. ಬೀದಿ ಬಾಗಿಲು ಗುಡಿಸಿದಳು, ಪಾತ್ರೆ ಬೆಳಗಿದಳು, ಬಟ್ಟೆ ಹರವಿದಳು. ಮಾತೂ ಆಡಿದಳು, ಸೊಪ್ಪಿನ ರೇಟು, ಹೊಲಕ್ಕೆ ನುಗ್ಗಿದ ಹಂದಿ, ಏನೂ ಆಗದ ಹಾಗೆ. ಕೋಮಲವಲ್ಲಿ ಡಿಕಾಕ್ಷನ್ನು ಇಳಿಸಿದಳು. ಯಜಮಾನರು ಪೇಪರು ಕೆಳಗಿಳಿಸಿ ನೋಡುತ್ತಿದ್ದ ಹಾಗೆಯೇ ಕಪಾಟಿನಿಂದ ತನ್ನ ಲೋಟದ ಜೊತೆಯದನ್ನೇ ತೆಗೆದಳು. ಅವರು ನೋಡಿದರು, ಮತ್ತೆ ಪೇಪರು ಎತ್ತಿಕೊಂಡರು. ಇಷ್ಟೇನಾ, ಇದಕ್ಕೇನಾ ಇಷ್ಟು ವರ್ಷ ಹೆದರಿದ್ದು ಅನ್ನಿಸಿತು ಅವಳಿಗೆ. ಎರಡೂ ಲೋಟ ತುಂಬಿಸಿ ಅಡುಗೆಮನೆಯ ಬಾಗಿಲಿಗೆ ಬಂದು ಕರೆದಳು.

"ಮುದ್ದಮ್ಮ, ಒಳಗೆ ಬಾ. ಕೂತ್ಕೊಂಡು ಕಾಫಿ ಕುಡಿ."

ಮುದ್ದಮ್ಮ ಹೊಸ್ತಿಲಾಚೆ ನಿಂತು ಕೈ ಒರೆಸಿಕೊಂಡಳು. ಲೋಟ ನೋಡಿದಳು, ಕೋಮಲವಲ್ಲಿಯ ಮುಖ ನೋಡಿದಳು. ಬಹಳ ಮರ್ಯಾದೆಯಿಂದ ನಕ್ಕಳು.

"ಬ್ಯಾಡಿ ಅಮ್ಮಾರೆ. ಈಗ ತಾನೆ ಮನೇಲಿ ಕುಡ್ಕಂಡ್ ಬಂದೆ."

ಕೋಮಲವಲ್ಲಿ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ಹಾಗೇ ನಿಂತಳು. ಆ ಮಾತಿನ ಅರ್ಥ ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮದುವೆ, ನಾಮಕರಣ, ಸೀಮಂತ ಅಂತ ಮುದ್ದಮ್ಮನಂಥವರ ಮನೆಗಳಿಗೆ ಹೋದಾಗೆಲ್ಲ, ಅವರು ಹೊಸ ಲೋಟ ತೊಳೆದು ತಂದು ಮುಂದೆ ಹಿಡಿದಾಗೆಲ್ಲ, ಅವಳೂ ಹೀಗೇ ನಕ್ಕು, ಇದೇ ಮಾತು ಹೇಳಿ, ಕುಂಕುಮ ಮಾತ್ರ ಈಸಿಕೊಂಡು ಎದ್ದು ಬಂದಿದ್ದಳು.